ಸೈಟು, ಸಾಲ, ಸಬ್ಸಿಡಿ... ಆಮೇಲೆ?

ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕೂತ ಕೂಡಲೇ ಕೇಳುವುದು ಒಂದೇ. "ಮೇಡಂ, ಸಬ್ಸಿಡಿ ಎಷ್ಟು ಬರುತ್ತೆ?"

ರಾಜಾಜಿನಗರದಲ್ಲಿ ನನ್ನದೊಂದು ಪುಟ್ಟ ಆಫೀಸಿದೆ. ಸಣ್ಣ ಕೈಗಾರಿಕೆಯವರಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು, ಅವರ ಫೈಲು ಹಿಡಿದು ಓಡಾಡುವುದು ನನ್ನ ಕೆಲಸ. ಅದಕ್ಕೂ ಮೊದಲು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೆ. ಹಾಗಾಗಿ ಮೇಜಿನ ಆ ಕಡೆ ಕೂತವರು ಏನು ಯೋಚನೆ ಮಾಡುತ್ತಾರೆ ಅನ್ನೋದು ಸ್ವಲ್ಪ ಗೊತ್ತು. ಸಬ್ಸಿಡಿ ಕೇಳಿದವರಿಗೆ ನಾನೂ ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: "ನಿಮ್ಮ ಮಾಲು ಯಾರು ತಗೋತಾರೆ?" ಇದಕ್ಕೆ ತಟ್ಟನೆ ಉತ್ತರ ಕೊಡುವವರ ಫೈಲು ಬೇಗ ಮುಗಿಯುತ್ತೆ. "ಮೊದಲು ಫ್ಯಾಕ್ಟರಿ ಆಗ್ಲಿ, ಆಮೇಲೆ ನೋಡೋಣ" ಅನ್ನುವವರ ಫೈಲಿಗೆ ನಾನು ಕೈ ಹಾಕುವುದು ಕಡಿಮೆ.

ಸರ್ಕಾರದ ಅಭಿವೃದ್ಧಿ ಸಂಸ್ಥೆಗಳ ಕೈಯಲ್ಲಿರುವುದು ನಾಲ್ಕು: ನೆಲ, ದುಡ್ಡು, ಅನುಮತಿ, ಗಿರಾಕಿಗಳ ಪರಿಚಯ. ಮೊದಲ ಮೂರಕ್ಕೆ ಜನ ಮುಗಿಬೀಳುತ್ತಾರೆ. ನಾಲ್ಕನೆಯದನ್ನು ಕೇಳುವವರೇ ಇಲ್ಲ. ಆದರೆ ಶೆಡ್ಡು ಕಟ್ಟಿ ಎರಡು ವರ್ಷ ಆದ ಮೇಲೂ ಬಾಗಿಲು ತೆಗೆದಿರುವ ಫ್ಯಾಕ್ಟರಿಗಳನ್ನು ನೋಡಿ, ಅವನ್ನು ಉಳಿಸಿದ್ದು ಹೆಚ್ಚಾಗಿ ಆ ನಾಲ್ಕನೆಯದೇ.

ಯಾವ ಕೆಲಸಕ್ಕೆ ಯಾವ ಬಾಗಿಲು ಅಂತ ಮೊದಲು ಹೇಳಿಬಿಡುತ್ತೇನೆ. ಕೈಗಾರಿಕಾ ಪ್ರದೇಶದಲ್ಲಿ ಸೈಟು ಬೇಕು ಅಂದರೆ ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ಇದು 1966ರ ಕಾಯ್ದೆಯಿಂದ ಹುಟ್ಟಿದ್ದು, ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿದೆ. ಸಣ್ಣವರಿಗೆ ಕಟ್ಟಿದ ಶೆಡ್ಡು ಬೇಕು ಅಂದರೆ ಕೆಎಸ್‌ಎಸ್‌ಐಡಿಸಿ, ರಾಜ್ಯದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ. ಸಾಲಕ್ಕೆ ಬ್ಯಾಂಕುಗಳ ಜೊತೆಗೆ 1959ರಿಂದಲೂ ರಾಜ್ಯದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿ ಇದೆ. ಯೋಜನೆಗೆ ಒಪ್ಪಿಗೆ ಕೊಡುವುದು ಏಕಗವಾಕ್ಷಿ ಸಮಿತಿ. ಹೂಡಿಕೆ 15 ಕೋಟಿವರೆಗೆ ಇದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಸಾಕು. 15ರಿಂದ 500 ಕೋಟಿವರೆಗೆ ರಾಜ್ಯ ಸಮಿತಿ. ಅದಕ್ಕೂ ಮೇಲಿನದು ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತೆ. ದೊಡ್ಡವರ ಕೈ ಹಿಡಿದು ನಡೆಸುವುದು ಕರ್ನಾಟಕ ಉದ್ಯೋಗ ಮಿತ್ರ. ನಮ್ಮಂಥವರಿಗೆ ಜಿಲ್ಲಾ ಕೈಗಾರಿಕಾ ಕೇಂದ್ರ, ಅಂದರೆ ಡಿಐಸಿ. ಎಷ್ಟೋ ಜನ ಐವತ್ತು ಲಕ್ಷದ ಯೋಜನೆ ಹಿಡಿದು ಖನಿಜ ಭವನದ ಮೆಟ್ಟಿಲು ಹತ್ತಿ, ಸುಮ್ನೆ ಎರಡು ವಾರ ಕಳೆದು ಬಂದಿರುತ್ತಾರೆ.

ಈಗ ಒಂದು ಕೇಸು ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ಸೇರಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಬಾಡಿಗೆ ಶೆಡ್ಡಿನಲ್ಲಿ ಟರ್ನಿಂಗ್ ಜಾಬ್ ವರ್ಕ್, ಅಂದರೆ ಬೇರೆಯವರಿಗೆ ಲೋಹದ ಬಿಡಿಭಾಗ ಕಡೆದುಕೊಡುವ ಕೆಲಸ, ಮಾಡುತ್ತಿದ್ದರು. ಗಂಡ ಮೆಷಿನ್ ಹತ್ತಿರ, ಹೆಂಡತಿ ಲೆಕ್ಕಪತ್ರ, ಡಿಸ್ಪ್ಯಾಚ್. ಬಾಡಿಗೆ ವರ್ಷ ವರ್ಷ ಏರುತ್ತಿತ್ತು. ಹೊಸ ಮೆಷಿನ್ ಇಡಲು ಜಾಗ ಇರಲಿಲ್ಲ. 2021ರ ಕೊನೆಯಲ್ಲಿ ಪೀಣ್ಯದ ಫ್ಲೈಓವರ್ ಮೇಲೆ ಭಾರಿ ವಾಹನ ಬಿಡುವುದನ್ನು ನಿಲ್ಲಿಸಿದ ಮೇಲೆ ಕೆಳಗಿನ ರಸ್ತೆಯಲ್ಲಿ ಲಾರಿ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಸ್ವಂತ ಜಾಗಕ್ಕೆ ಹೋಗೋಣ ಅಂತ ತೀರ್ಮಾನ ಮಾಡಿ ನನ್ನ ಹತ್ತಿರ ಬಂದರು. ಇವರ ಬಳಿ ಮಾಲು ತಗೊಳ್ಳುವವರ ಪಟ್ಟಿ ಇತ್ತು. ಅಷ್ಟು ಸಾಕಾಗಿತ್ತು ನನಗೆ.

ಮುಂದಿದ್ದ ದಾರಿ ಎರಡು. ಒಂದು ದಾಬಸ್‌ಪೇಟೆಯ ಸೋಂಪುರ, ಇನ್ನೊಂದು ತುಮಕೂರು ದಾಟಿದ ಮೇಲೆ ಸಿಗುವ ವಸಂತನರಸಾಪುರ. ದಾಬಸ್‌ಪೇಟೆ ನೆಲಮಂಗಲ ತಾಲ್ಲೂಕು, ಅಂದರೆ ಬೆಂಗಳೂರು ಗ್ರಾಮಾಂತರ. ರಾಜ್ಯದ ಕೈಗಾರಿಕಾ ನೀತಿಯಲ್ಲಿ ಬೆಂಗಳೂರು ನಗರ, ಗ್ರಾಮಾಂತರ ಎರಡೂ ಜಿಲ್ಲೆ ಮೂರನೇ ವಲಯ. ಉದ್ಯಮ ಬೆಂಗಳೂರಿನಿಂದ ಆಚೆ ಹೋಗಲಿ ಅಂತಲೇ ಇಲ್ಲಿ ರಿಯಾಯಿತಿ ಕಡಿಮೆ ಇಟ್ಟಿದ್ದಾರೆ. ವಸಂತನರಸಾಪುರಕ್ಕೆ ಹೋದರೆ ಸಬ್ಸಿಡಿ ಚೆನ್ನಾಗಿದೆ, ನೆಲವೂ ಅಗ್ಗ, ಮೆಷಿನ್ ಟೂಲ್ಸ್ ಪಾರ್ಕ್ ಪಕ್ಕದಲ್ಲೇ ಇದೆ. ಕಾಗದದ ಮೇಲೆ ನೋಡಿದರೆ ಯೋಚನೆ ಮಾಡುವ ಮಾತೇ ಇಲ್ಲ, ಅಲ್ವಾ?

ಹೆಂಡತಿ ಒಂದೇ ಮಾತು ಹೇಳಿದರು. "ಮೇಡಂ, ಸಬ್ಸಿಡಿ ಒಂದು ಸಲ ಬರುತ್ತೆ. ನಮ್ಮ ಸೆಟ್ಟರ್ ದಿನಾ ಬರಬೇಕು. ಅವನ ಮನೆ ದಾಸರಹಳ್ಳಿ."

ಸಿಎನ್‌ಸಿ, ಅಂದರೆ ಕಂಪ್ಯೂಟರಿನಿಂದ ನಡೆಯುವ ಮೆಷಿನ್, ದುಡ್ಡು ಕೊಟ್ಟರೆ ಸಿಗುತ್ತೆ. ಅದಕ್ಕೆ ಟೂಲ್ ಕಟ್ಟಿ, ಆಫ್‌ಸೆಟ್ ಕೊಟ್ಟು, ಮೊದಲ ಪೀಸ್ ಸರಿಯಾಗಿ ತೆಗೆಯುವ ಸೆಟ್ಟರ್‌ನ ಕೈ ಹಾಗೆ ಸಿಗೋಲ್ಲ. ಪೀಣ್ಯದಲ್ಲಿ ಅಂಥ ಕೈಗಳು ತಲೆಮಾರುಗಳಿಂದ ಬೆಳೆದಿವೆ. ನಾನು ಎರಡು ಕಾಲಂ ಹಾಕಿ ಲೆಕ್ಕ ಬರೆದೆ. ಒಂದು ಕಡೆ ಸಬ್ಸಿಡಿ, ನೆಲದ ಬೆಲೆಯ ವ್ಯತ್ಯಾಸ. ಇನ್ನೊಂದು ಕಡೆ ಐದು ವರ್ಷಕ್ಕೆ ಹುಡುಗರ ವ್ಯಾನು, ಟೋಲು, ಪ್ಲೇಟಿಂಗ್‌ಗೆ (ಲೋಹದ ಲೇಪನ), ಹೀಟ್ ಟ್ರೀಟ್‌ಮೆಂಟ್‌ಗೆ (ಕಾಯಿಸಿ ಗಟ್ಟಿ ಮಾಡುವುದು) ಮಾಲು ಮತ್ತೆ ಪೀಣ್ಯಕ್ಕೆ ಕಳಿಸಿ ತರಿಸುವ ಖರ್ಚು, ಆಪರೇಟರ್ ಬಿಟ್ಟು ಹೋದರೆ ಹೊಸಬನನ್ನು ತಯಾರು ಮಾಡುವ ತಿಂಗಳುಗಳು. ಎರಡನೇ ಕಾಲಂ ಉದ್ದ ಆಯಿತು. ದಾಬಸ್‌ಪೇಟೆಯೇ ಸರಿ ಅಂತ ಆಯಿತು. ಇದನ್ನು ಎಲ್ಲರಿಗೂ ಹೇಳೋಲ್ಲ. ಫುಡ್ ಪ್ರೋಸೆಸಿಂಗ್ ಮಾಡುವವರಿಗೆ ನಾನೇ ಎಷ್ಟೋ ಸಲ ತುಮಕೂರು ಕಡೆ ಕೈ ತೋರಿಸಿದ್ದೇನೆ. ಅವರ ಕಚ್ಚಾ ಮಾಲು ಅಲ್ಲೇ ಬೆಳೆಯುತ್ತೆ.

ಸೈಟು ನೋಡಲು ಹೋದಾಗ ನಕ್ಷೆ ಹಿಡಿದು ಓಡಾಡುವುದಕ್ಕಿಂತ ಮೊದಲು ಟೀ ಅಂಗಡಿಯಲ್ಲಿ ಕೂರುವುದು ನನ್ನ ಅಭ್ಯಾಸ. ಯಾವ ಫ್ಯಾಕ್ಟರಿ ಮೂರು ಪಾಳಿ ಓಡುತ್ತಿದೆ, ಯಾವುದು ಹೆಸರಿಗೆ ಮಾತ್ರ ಇದೆ, ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತೆ, ಮಳೆ ಬಂದರೆ ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತೆ, ಎಲ್ಲ ಅಲ್ಲಿ ಗೊತ್ತಾಗುತ್ತೆ. ಆಮೇಲೆ ಬೆಸ್ಕಾಂ ಲೈನ್‌ಮನ್ ಹುಡುಕುತ್ತೇನೆ. ನಮ್ಮ ಸೈಟಿನ ಎದುರಿಗೇ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಇತ್ತು. ನೋಡಿ ಗಂಡ ಹೆಂಡತಿಗೆ ಖುಷಿ. ಲೈನ್‌ಮನ್ ನಕ್ಕು, "ಅದು ಫುಲ್ ಆಗಿದೆ ಮೇಡಂ, ಪಕ್ಕದ ಎರಡು ಯೂನಿಟ್‌ಗೇ ಸಾಲ್ತಿಲ್ಲ. ನೀವು ಬೇರೆ ಟಿಸಿಗೆ ಈಗಲೇ ಹಾಕಿ" ಅಂದ. ಟಿಸಿಯ ಖರ್ಚು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಸೇರಿದ್ದು ಹಾಗೆ. ಅದನ್ನು ಬಿಟ್ಟು ಸಾಲ ಮಂಜೂರು ಮಾಡಿಸಿಕೊಂಡಿದ್ದರೆ ಆಮೇಲೆ ಕೈಯಿಂದ ಹಾಕಬೇಕಿತ್ತು. ಸಣ್ಣ ಉದ್ಯಮ ಮುಗ್ಗರಿಸುವುದು ಇಂಥ ಕಡೆಯೇ.

ಇನ್ನು ರಿಪೋರ್ಟು. ಇಂಟರ್ನೆಟ್ಟಿನಿಂದ ತೆಗೆದ ಹತ್ತು ಪುಟದ "ಭಾರತೀಯ ಎಂಜಿನಿಯರಿಂಗ್ ಉದ್ಯಮದ ಭವಿಷ್ಯ" ಯಾರೂ ಓದೋಲ್ಲ. ಬ್ಯಾಂಕಿನಲ್ಲಿದ್ದಾಗ ನಾನೂ ಓದುತ್ತಿರಲಿಲ್ಲ. ನಾನು ಶುರು ಮಾಡುವುದು ಒಂದು ಪೀಸಿನಿಂದ. ಈ ಬುಷ್ (ಉಂಗುರದಂಥ ಬಿಡಿಭಾಗ) ತಯಾರಾಗಲು ಎಷ್ಟು ನಿಮಿಷ, ಒಂದು ಪಾಳಿಯಲ್ಲಿ ಎಷ್ಟು ಪೀಸ್, ರಿಜೆಕ್ಷನ್ ಎಷ್ಟು, ಪೀಸಿಗೆ ಎಷ್ಟು ಸಿಗುತ್ತೆ. ಅಲ್ಲಿಂದ ತಿಂಗಳ ವ್ಯಾಪಾರ. ಅಲ್ಲಿಂದ ಕಂತು ಕಟ್ಟುವ ಶಕ್ತಿ. ಮೊದಲ ವರ್ಷ ಮೆಷಿನ್ ಅರ್ಧದಷ್ಟೇ ಓಡುತ್ತೆ ಅಂತ ಬರೆದರೆ ಕ್ಲೈಂಟುಗಳಿಗೆ ಬೇಜಾರು. ಆದರೆ ಸಾಲ ಕೊಡುವವರಿಗೆ ಅದನ್ನು ನೋಡಿದರೇ ನಂಬಿಕೆ ಬರುವುದು.

ಇವರಿಗೆ ಪ್ಲೇಟಿಂಗನ್ನೂ ಒಳಗೇ ಮಾಡಿಕೊಳ್ಳುವ ಆಸೆ ಇತ್ತು. ಬೇಡ ಅಂದೆ. ಬರೀ ಮೆಷಿನಿಂಗ್ ಆದರೆ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಹಗುರ ವರ್ಗ. ಎಲೆಕ್ಟ್ರೋಪ್ಲೇಟಿಂಗ್ ಸೇರಿಸಿದ ಕೂಡಲೇ ಹೆಚ್ಚು ಮಾಲಿನ್ಯದ ಕೆಂಪು ವರ್ಗ. ತ್ಯಾಜ್ಯ ನೀರಿನ ಘಟಕ, ಅದರ ಖರ್ಚು, ಅದರ ಪರಿಶೀಲನೆ, ಎಲ್ಲ ಬೇರೆ ಲೆಕ್ಕ. ಪೀಣ್ಯದಲ್ಲಿ ಪ್ಲೇಟಿಂಗ್ ಮಾಡಿಕೊಡುವವರು ಇರುವಾಗ ಆ ತಲೆನೋವು ಯಾಕೆ?

ಅಡಮಾನಕ್ಕೆ ಇದ್ದದ್ದು ಒಂದು ಮನೆ, ಅದೂ ಅತ್ತೆಯವರ ಹೆಸರಿನಲ್ಲಿ. ಅದನ್ನು ಮುಟ್ಟದೆ ಸಿಜಿಟಿಎಂಎಸ್‌ಇ ಖಾತರಿಯಲ್ಲಿ ಸಾಲ ಕೇಳಿದೆವು. 2000ದಲ್ಲಿ ಶುರುವಾದ ಯೋಜನೆ ಇದು. ಸಣ್ಣವರು ಆಸ್ತಿ ಅಡ ಇಡದೆ ಸಾಲ ಪಡೆದರೆ ಟ್ರಸ್ಟು ಬ್ಯಾಂಕಿಗೆ ಖಾತರಿ ಕೊಡುತ್ತೆ. "ಹಾಗಾದ್ರೆ ಸಾಲ ಕಟ್ಟದಿದ್ರೂ ನಡೆಯುತ್ತಾ?" ಅಂತ ಕೇಳುವವರಿದ್ದಾರೆ. ನಡೆಯೋಲ್ಲ. ಖಾತರಿ ಬ್ಯಾಂಕಿಗೆ, ನಿಮಗಲ್ಲ.

ಜಿಲ್ಲಾ ಸಮಿತಿಯ ಸಭೆಗೆ ದೇವನಹಳ್ಳಿ ಕಡೆಯ ಬೀರಸಂದ್ರಕ್ಕೆ ಹೋಗಬೇಕು. ಗ್ರಾಮಾಂತರ ಜಿಲ್ಲಾಡಳಿತ ಭವನ ಇರುವುದು ಅಲ್ಲಿ. ದಾಬಸ್‌ಪೇಟೆ ಜಿಲ್ಲೆಯ ಈ ತುದಿ, ಸಭೆ ಆ ತುದಿ. ಸಭೆಯಲ್ಲಿ ನಿಮ್ಮ ಪಾಲಿಗೆ ಸಿಗುವುದು ಕೆಲವೇ ನಿಮಿಷ. ಕೇಳುವುದು ಎಷ್ಟು ಹೂಡಿಕೆ, ಎಷ್ಟು ಜನಕ್ಕೆ ಕೆಲಸ, ಎಷ್ಟು ನೀರು, ಎಷ್ಟು ಕರೆಂಟು, ಎಷ್ಟು ನೆಲ. ನೆಲದ ಪ್ರಶ್ನೆಯಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ಅರ್ಧ ಎಕರೆ ಸಾಕಾಗುವ ಕಡೆ ಎರಡು ಎಕರೆ ಕೇಳಿರುತ್ತಾರೆ. ಸೈಟಿನ ಮೇಲೆ ಕಣ್ಣು, ಫ್ಯಾಕ್ಟರಿ ನೆಪ ಅಂತ ಯಾರಿಗಾದರೂ ಅನ್ನಿಸುತ್ತೆ. ನಾನು ಮೆಷಿನ್ ಲೇಔಟ್ ಹಾಳೆ ತೆಗೆದುಕೊಂಡು ಹೋಗುತ್ತೇನೆ. ಇಲ್ಲಿ ಕಚ್ಚಾ ಮಾಲು, ಇಲ್ಲಿ ಮೆಷಿನ್, ಇಲ್ಲಿ ಇನ್ಸ್‌ಪೆಕ್ಷನ್, ಲಾರಿ ತಿರುಗಲು ಇಷ್ಟು ಜಾಗ, ಮುಂದೆ ಬೆಳೆಯಲು ಇಷ್ಟು. ಆ ಒಂದು ಹಾಳೆ ನೋಡಿದ ಮೇಲೆ ನೆಲದ ಬಗ್ಗೆ ಮತ್ತೆ ಪ್ರಶ್ನೆ ಬರಲಿಲ್ಲ.

ಒಪ್ಪಿಗೆ ಪತ್ರ ಬಂದ ದಿನ ಸ್ವೀಟು ಹಂಚುತ್ತಾರೆ. ಹಂಚಲಿ ಬಿಡಿ. ಆದರೆ ಒಪ್ಪಿಗೆ ಅಂದರೆ ಅನುಮತಿಗಳಲ್ಲ. ಆಮೇಲೆ ಕಟ್ಟಡ ನಕ್ಷೆ, ಮಾಲಿನ್ಯ ಮಂಡಳಿಯ ಸ್ಥಾಪನಾ ಸಮ್ಮತಿ, ಕಾರ್ಖಾನೆ ಇಲಾಖೆ, ಕರೆಂಟು. ಕೆಐಎಡಿಬಿ ಸೈಟು ಲೀಸ್ ಕಮ್ ಸೇಲ್ ಆಗಿದ್ದರೆ ನೆನಪಿಡಬೇಕಾದ್ದು ಇನ್ನೊಂದಿದೆ. ಹಣ ಕಟ್ಟಿದ ತಕ್ಷಣ ಅದು ನಿಮ್ಮದಲ್ಲ. ಷರತ್ತಿನಂತೆ ಕಟ್ಟಿ, ಉತ್ಪಾದನೆ ಶುರು ಮಾಡಿ ತೋರಿಸಿದ ಮೇಲೆ ಕ್ರಯಪತ್ರ. ಹಂಚಿಕೆ ಪತ್ರದ ಪ್ರತಿ ಸಾಲನ್ನೂ ಓದಿ, ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಬರೆದು ಗೋಡೆಗೆ ನೇತುಹಾಕಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮ ಫೈಲು ಒಂದು ಕಚೇರಿಯಲ್ಲಿ ಬಹಳ ದಿನ ಕೂತಿತ್ತು. ವಿಚಾರಿಸಿದರೆ ಒಂದು ನಕ್ಷೆಯ ಮೇಲೆ ಅಳತೆ ಅಡಿಯಲ್ಲಿದೆ, ಇನ್ನೊಂದರಲ್ಲಿ ಮೀಟರಿನಲ್ಲಿದೆ. ಅಷ್ಟೇ. ಹೋಗಿ ಕೇಳುವವರೆಗೂ ಯಾರೂ ಹೇಳಿರಲಿಲ್ಲ. ಆನ್‌ಲೈನಿನಲ್ಲಿ "ಪರಿಶೀಲನೆಯಲ್ಲಿದೆ" ಅಂತ ಮಾತ್ರ ಕಾಣುತ್ತಿತ್ತು. ಪೋರ್ಟಲ್ ಎಷ್ಟೇ ಚೆನ್ನಾಗಿರಲಿ, ವಾರಕ್ಕೊಮ್ಮೆ ಹೋಗಿ ನಮಸ್ಕಾರ ಹೇಳಿ ಬರುವುದನ್ನು ನಾನಂತೂ ಬಿಟ್ಟಿಲ್ಲ.

ಈಗ ಆ ನಾಲ್ಕನೆಯದಕ್ಕೆ, ಗಿರಾಕಿಗಳ ಪರಿಚಯಕ್ಕೆ, ಬರುತ್ತೇನೆ.

ಬೆಂಗಳೂರಿನಲ್ಲಿ ಸಣ್ಣ ಕೈಗಾರಿಕೆ ಬೆಳೆದದ್ದು ಸಬ್ಸಿಡಿಯಿಂದ ಅಂತ ನನಗೆ ಅನ್ನಿಸೋಲ್ಲ. 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, 1953ರಲ್ಲಿ ಮೆಷಿನ್ ಟೂಲಿನ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸಿನ ಬಿಇಎಲ್ ಬಂದವು. ಇವುಗಳಿಗೆ ಬೋಲ್ಟು, ಬುಷ್ಷು, ಬ್ರಾಕೆಟ್ಟು ಬೇಕಿತ್ತು. ಅಲ್ಲಿ ಕೆಲಸ ಕಲಿತವರೇ ಹೊರಗೆ ಬಂದು ಲೇತ್ ಇಟ್ಟರು. ರಾಜಾಜಿನಗರ ಎಸ್ಟೇಟು, ಆಮೇಲೆ 1970ರ ದಶಕದಲ್ಲಿ ಪೀಣ್ಯ ತುಂಬಿಕೊಂಡವು. ಗಿರಾಕಿ ಮೊದಲು, ಶೆಡ್ಡು ಆಮೇಲೆ. ಅದಕ್ಕೂ ಹಿಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಶುರುವಾದವು. ದುಡ್ಡು ಒಂದು ಕಡೆ, ವ್ಯಾಪಾರಿಗಳು ಒಬ್ಬರನ್ನೊಬ್ಬರು ಕಾಣುವ ಜಾಗ ಇನ್ನೊಂದು ಕಡೆ. ನೂರು ವರ್ಷದ ಹಿಂದೆಯೇ ಎರಡೂ ಬೇಕು ಅಂತ ಗೊತ್ತಿತ್ತು.

ಹಾಗಾಗಿ ಶೆಡ್ಡಿನ ತಳಪಾಯ ತೆಗೆಯುತ್ತಿರುವಾಗಲೇ ನಾವು ಗಿರಾಕಿ ಹುಡುಕಲು ಹೊರಟೆವು. ಕೇಂದ್ರ ಸರ್ಕಾರದ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮ) ಕಚೇರಿ ನಮ್ಮ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೇ ಇದೆ. ಅವರು ವೆಂಡರ್ ಡೆವಲಪ್‌ಮೆಂಟ್ ಕಾರ್ಯಕ್ರಮ ಮಾಡುತ್ತಾರೆ. ದೊಡ್ಡ ಕಂಪನಿಗಳ, ಸಾರ್ವಜನಿಕ ಉದ್ದಿಮೆಗಳ ಖರೀದಿ ವಿಭಾಗದವರು ಅಲ್ಲಿಗೆ ಬರುತ್ತಾರೆ. 2012ರ ಖರೀದಿ ನೀತಿ ಪ್ರಕಾರ ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ 25 ಭಾಗ ಅತಿ ಸಣ್ಣ, ಸಣ್ಣ ಉದ್ಯಮಗಳಿಂದ ತೆಗೆದುಕೊಳ್ಳಬೇಕು. ಅದರಲ್ಲಿ ಶೇ 3 ಮಹಿಳಾ ಉದ್ಯಮಿಗಳಿಂದ. ನಮ್ಮ ಕ್ಲೈಂಟಿನ ಸಂಸ್ಥೆಯಲ್ಲಿ ಹೆಂಡತಿಯದ್ದೇ ಹೆಚ್ಚಿನ ಪಾಲು. ಸಣ್ಣ ಉದ್ಯಮಗಳಿಗೆ ಕೇಂದ್ರ ಮಾಡಿರುವ ಉದ್ಯಮ್ ನೋಂದಣಿಯಲ್ಲಿ ಅದನ್ನು ಸರಿಯಾಗಿ ಕಾಣಿಸಿದ್ದೆವು. ಟೆಂಡರಿನಲ್ಲಿ ಇಎಂಡಿ (ಮುಂಗಡ ಠೇವಣಿ) ವಿನಾಯಿತಿಯೂ ಸಿಕ್ಕಿತು.

ಅಲ್ಲಿಗೆ ಜನ ಬಣ್ಣದ ಬ್ರೋಷರ್ ಹಿಡಿದು ಹೋಗುತ್ತಾರೆ. ಖರೀದಿಯವರು ಅದನ್ನು ಬ್ಯಾಗಿಗೆ ಹಾಕಿಕೊಂಡು ಮರೆಯುತ್ತಾರೆ. ನಾವು ತೆಗೆದುಕೊಂಡು ಹೋಗಿದ್ದು ಆರೇ ಆರು ಪೀಸು, ಒಂದೊಂದಕ್ಕೂ ಇನ್ಸ್‌ಪೆಕ್ಷನ್ ರಿಪೋರ್ಟು. ಅಳತೆಯನ್ನು ಹೊರಗಿನ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಮಾಡಿಸಿದ್ದೆವು. ಖರೀದಿ ವಿಭಾಗದವರೊಬ್ಬರು ಒಂದು ಪೀಸು ಎತ್ತಿಕೊಂಡು, ಉಗುರಿನಿಂದ ಒಳಗಿನ ಅಂಚನ್ನು ಸವರಿ ನೋಡಿದರು. ಬರ್, ಅಂದರೆ ಕಡೆದಾಗ ಅಂಚಿನಲ್ಲಿ ಉಳಿಯುವ ಚೂಪು ಸಿಬಿರು, ಇರಲಿಲ್ಲ. "ಇದು ಯಾವ ಮೆಷಿನ್?" ಅಂದರು. ಮಾತು ಶುರುವಾದದ್ದು ಅಲ್ಲಿಂದ. ಸಬ್ಸಿಡಿ, ವಲಯ, ನೀತಿ ಯಾವುದೂ ಆ ಮೇಜಿನ ಮೇಲೆ ಬರಲಿಲ್ಲ. ಟ್ರಯಲ್ ಆರ್ಡರ್ ಬಂತು. ಕೆಲವು ತಿಂಗಳ ನಂತರ ನಿಯಮಿತ ಆರ್ಡರಿನ ಶೆಡ್ಯೂಲ್ ಬಂತು.

ಆರ್ಡರ್ ಬಂದರೆ ಮುಗಿಯಲಿಲ್ಲ, ದುಡ್ಡು ಬರಬೇಕಲ್ಲ. ಹಳೆಯ ಗಿರಾಕಿಯೊಬ್ಬರು ನೂರು ದಿನ ಆದರೂ ಕೊಟ್ಟಿರಲಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನ ದಾಟುವಂತಿಲ್ಲ. ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ದೂರು ಕೊಡಲು ಮಂಡಳಿ ಇದೆ. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? ಈ ಭಯ ಎಲ್ಲರಿಗೂ ಇದೆ. ನನ್ನ ಪ್ರಕಾರ ಇದಕ್ಕಿಂತ ಕೆಲಸಕ್ಕೆ ಬಂದಿದ್ದು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ. 2024ರ ಏಪ್ರಿಲ್‌ನಿಂದ ಜಾರಿಗೆ ಬಂತು. ಸಣ್ಣವರಿಗೆ ಗಡುವಿನೊಳಗೆ ಕೊಡದಿದ್ದರೆ ಕೊಳ್ಳುವವರು ಆ ವರ್ಷ ಅದನ್ನು ಖರ್ಚು ಅಂತ ತೋರಿಸಿಕೊಳ್ಳುವಂತಿಲ್ಲ. ಈಗ ನಾವು ಜಗಳ ಆಡಬೇಕಿಲ್ಲ. ಅವರ ಆಡಿಟರೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್ ಕೇಳುತ್ತಾರೆ.

ಪ್ರವಾಸೋದ್ಯಮದ ಕಡೆಯೂ ಸ್ವಲ್ಪ ಕೈ ಹಾಕಿದ್ದೇನೆ. ಅಲ್ಲಿಯೂ ಕಥೆ ಇದೇ. 1980ರಲ್ಲಿ ಸರ್ಕಾರ ಜಂಗಲ್ ಲಾಡ್ಜಸ್ ಶುರು ಮಾಡಿ ಕಬಿನಿ ದಂಡೆಯಲ್ಲಿ ವಸತಿ ಮಾಡಿದಾಗ ಖಾಸಗಿಯವರು ಅಲ್ಲಿ ದುಡ್ಡು ಹಾಕಲು ಧೈರ್ಯ ಮಾಡುತ್ತಿರಲಿಲ್ಲ. ಮೊದಲ ಹೆಜ್ಜೆ ಸರ್ಕಾರ ಇಟ್ಟಿತು. ಪ್ರವಾಸಿಗಳು ಬರುತ್ತಾರೆ ಅಂತ ಗೊತ್ತಾದ ಮೇಲೆ ರೆಸಾರ್ಟುಗಳು ಸಾಲುಗಟ್ಟಿದವು. ಕೋನಪ್ಪನ ಅಗ್ರಹಾರದ ಬಯಲಿನಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ಸ್ ಸಿಟಿ ಮಾಡಿದ್ದೂ ಹಾಗೇ. ಯಾರೂ ಹೋಗದ ಕಡೆ ಮೊದಲು ಹೋಗುವುದು ಇಂಥ ಸಂಸ್ಥೆಗಳಿಗೆ ಚೆನ್ನಾಗಿ ಬರುತ್ತೆ. ಹೋದ ಮೇಲೆ ನೋಡಿಕೊಳ್ಳುವುದು ಅಷ್ಟು ಬರೋಲ್ಲ.

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ನಗರದಿಂದ ಹೊರಟ ಕಾರುಗಳು ಚನ್ನಪಟ್ಟಣದ ಒಳಗೆ ಹೋಗುವುದೇ ನಿಂತಿತು. ಹಳೇ ಹೆದ್ದಾರಿ ಪಕ್ಕದ ಬೊಂಬೆ ಅಂಗಡಿಗಳಿಗೆ ಹೊಡೆತ ಬಿತ್ತು. ಅಲ್ಲಿನ ಒಂದು ಕುಟುಂಬ, ಅಪ್ಪ ಮಗ ಇಬ್ಬರೂ ಆಲೆಮರದಲ್ಲಿ ಬೊಂಬೆ ಕಡೆಯುವವರು, ಬೆಂಗಳೂರಿಗೆ ಹುಡುಕಿಕೊಂಡು ಬಂದರು. ಅವರಿಗೆ ಬೇಕಿದ್ದದ್ದು ಹೊಸ ಮೆಷಿನ್ನಿಗೆ ಸಾಲ. ಕುಶಲಕರ್ಮಿಗಳಿಗಾಗಿ ಕೇಂದ್ರ ಮಾಡಿರುವ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬೊಂಬೆ ಮಾಡುವವರಿಗೂ ಜಾಗ ಇದೆ. ಶೇ 5 ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ, ಉಪಕರಣಕ್ಕೆ 15 ಸಾವಿರ. ಅರ್ಜಿ ಹಾಕಿಸಿದೆ. ಆದರೆ ಮೆಷಿನ್ ಬಂದರೆ ಕೊಳ್ಳುವವರು ಬರುತ್ತಾರಾ? ದಾರಿಹೋಕರು ಇಲ್ಲ ಅಂದ ಮೇಲೆ ಹುಡುಕಿಕೊಂಡು ಬರುವವರನ್ನೇ ಮಾಡಿಕೊಳ್ಳಬೇಕು.

ನನಗೆ ಹೊಳೆದದ್ದು ಬೊಂಬೆಯ ಬದಲು ಬೊಂಬೆ ಮಾಡುವುದನ್ನು ಮಾರುವುದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತೆ. ಆಮೇಲೆ ತಾಳೆ ಗರಿ ಇಟ್ಟು ಉಜ್ಜಿದರೆ ಕನ್ನಡಿ ಹಾಗೆ ಹೊಳಪು ಬರುತ್ತೆ. ಇದನ್ನು ನೋಡುತ್ತಾ ನಿಂತ ಮಕ್ಕಳು ಅಲುಗಾಡೋಲ್ಲ. ಕೆಲಸದ ಕೊಠಡಿಯಲ್ಲಿ ಒಂದು ಕಡೆ ಬೆಂಚು ಹಾಕಿಸಿದೆವು, ಮೆಷಿನ್ನಿಗೆ ಅಡ್ಡ ಜಾಲರಿ ಕಟ್ಟಿಸಿದೆವು, ಶೌಚಾಲಯ ಸರಿ ಮಾಡಿಸಿದೆವು. ಜಾಲರಿ, ಶೌಚಾಲಯ ಎರಡೂ ಇಲ್ಲದೆ ಯಾವ ಶಾಲೆಯೂ ಮಕ್ಕಳನ್ನು ಕಳಿಸೋಲ್ಲ. ವಿಜಯನಗರ, ಕೆಂಗೇರಿ ಕಡೆಯ ಶಾಲೆಗಳಿಗೆ ನಾನೇ ಫೋನ್ ಮಾಡಿದೆ. ತಲೆಗೆ ಇಷ್ಟು ಅಂತ ಶುಲ್ಕ, ಅದರಲ್ಲೇ ಮಗುವಿಗೊಂದು ಬುಗುರಿ. ಶುರುವಿನಲ್ಲಿ ಅಪ್ಪನಿಗೆ ಇಷ್ಟ ಇರಲಿಲ್ಲ. "ನಮ್ಮ ಕೆಲಸ ಏನು ಸರ್ಕಸ್ಸಾ?" ಅಂದಿದ್ದರು. ಈಗ ಮಕ್ಕಳಿಗೆ ವಿವರಿಸುವುದು ಅವರೇ. ಮಗನಿಗೆ ಮಾತು ಕಡಿಮೆ.

ವಾರದ ಕೊನೆ ಪರವಾಗಿಲ್ಲ. ಉಳಿದ ದಿನ ಖಾಲಿ. ಎಕ್ಸ್‌ಪ್ರೆಸ್‌ವೇಯಿಂದ ಇಳಿಯುವ ಕಡೆ "ಬೊಂಬೆ ಮಾಡುವುದನ್ನು ನೋಡಿ" ಅಂತ ಒಂದು ಕಂದು ಬಣ್ಣದ ಪ್ರವಾಸಿ ಫಲಕ ಇದ್ದರೆ ತುಂಬಾ ವ್ಯತ್ಯಾಸ ಆಗುತ್ತೆ. ಅದಕ್ಕೆ ಅರ್ಜಿ ಕೊಟ್ಟಿದ್ದೇವೆ. ಒಬ್ಬರು ರಸ್ತೆಯವರನ್ನು ಕೇಳಿ ಅನ್ನುತ್ತಾರೆ, ರಸ್ತೆಯವರು ಇವರನ್ನು ಕೇಳಿ ಅನ್ನುತ್ತಾರೆ.

2025ರ ಫೆಬ್ರುವರಿಯಲ್ಲಿ ಅರಮನೆ ಮೈದಾನದಲ್ಲಿ ಹೂಡಿಕೆದಾರರ ಸಮಾವೇಶ ಆಯಿತು. 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಮಾತು ಬಂತು ಅಂತ ಸರ್ಕಾರ ಹೇಳಿತು. ನಾನು ಸಮಾವೇಶಗಳ ವಿರೋಧಿ ಅಲ್ಲ. ದೊಡ್ಡ ಕಂಪನಿ ಬಂದರೆ ಅದಕ್ಕೂ ಬುಷ್ಷು, ಬ್ರಾಕೆಟ್ಟು ಬೇಕೇ ಬೇಕು. ಆದರೆ ಒಪ್ಪಂದಕ್ಕೆ ಸಹಿ ಹಾಕುವ ದಿನವೇ, ನಿಮ್ಮ ಬಿಡಿಭಾಗಗಳಲ್ಲಿ ಇಲ್ಲಿನವರಿಂದ ಏನೇನು ಕೊಳ್ಳುತ್ತೀರಿ ಅಂತ ಒಂದು ಪಟ್ಟಿ ಕೇಳಿ, ಅದನ್ನು ಡಿಐಸಿಗಳಿಗೂ ಪೀಣ್ಯದ ಸಂಘಕ್ಕೂ ಕಳಿಸಿದರೆ ಖರ್ಚೇನೂ ಇಲ್ಲ. ಈ ಸಲಹೆಯನ್ನು ಬರೆದು ಕೊಟ್ಟಿದ್ದೇನೆ. ಫಲಕದ ಅರ್ಜಿಯ ಹಾಗೆ ಅದಕ್ಕೂ ಸ್ವೀಕೃತಿ ಚೀಟಿ ಸಿಕ್ಕಿದೆ. ಎರಡನ್ನೂ ವಿಚಾರಿಸಲು ಸೋಮವಾರ ಹೋಗಬೇಕು.